ಬೋಣಿಗೆ ಮುಂಚೆ ಕೇಳಿದ ಪ್ರಶ್ನೆಗಳು

ನಮ್ಮ ಸೋದರತ್ತೆ ಶಿವರುದ್ರಮ್ಮ ಗಂಡನ ಮನೆಯಿಂದ ಹುಣಸೂರಿಗೆ ಬಂದದ್ದು ೧೯೫೭ರ ಬೇಸಿಗೆಯಲ್ಲಿ. ಹಂಪಾಪುರದಲ್ಲಿ ಯಾರಿಗೂ ಹೇಳದೆ ಬಸ್ಸು ಹತ್ತಿದ್ದಳು. ಕಂಕುಳಲ್ಲಿ ಒಂದು ಸೀರೆಯ ಗಂಟು ಇತ್ತು, ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎರಡನೆಯ ದಿನ ಒಲೆಯ ಮುಂದೆ ಕೂತು ನಮ್ಮಮ್ಮನಿಗೆ ಎಲ್ಲವನ್ನೂ ಹೇಳಿದಳು.

ಅವಳ ಗಂಡ ಬೆಟ್ಟಸ್ವಾಮಿ ಜನರ ಎದುರಿಗೆ ಬಹಳ ಸಾಧು. ಅತ್ತೆಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಆದರೆ ಅವರ ಮನೆಯ ಹಿತ್ತಲಲ್ಲಿ ಹಗೇವು ಇತ್ತು. ರಾಗಿ ತುಂಬಿಡಲು ನೆಲದೊಳಗೆ ಆಳೆತ್ತರಕ್ಕಿಂತ ಆಳವಾಗಿ ತೋಡಿ, ಬಾಯಿಗೆ ಕಲ್ಲು ಚಪ್ಪಡಿ ಮುಚ್ಚುವ ಗುಂಡಿ ಅದು. ತಳದಲ್ಲಿ ಉಳಿದ ರಾಗಿಯನ್ನು ತೆಗೆಯಲು ಬೆಟ್ಟಸ್ವಾಮಿ ಅತ್ತೆಯನ್ನು ಹಗ್ಗ ಕಟ್ಟಿ ಇಳಿಸುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದ ದಿನ, ಅವಳು ಎದುರು ಮಾತಾಡಿದ ದಿನ, ಹಗ್ಗವನ್ನು ಮೇಲಕ್ಕೆ ಎಳೆದುಕೊಂಡು ಚಪ್ಪಡಿ ಮುಚ್ಚಿಬಿಡುತ್ತಿದ್ದ. ಯಾವಾಗ ತೆಗೆಯಬೇಕು ಅನ್ನಿಸುತ್ತದೋ ಆಗ ತೆಗೆಯುತ್ತಿದ್ದ. ತೆಗೆದ ಮೇಲೆ ಏನೂ ಆಗದವನಂತೆ ಊಟಕ್ಕೆ ಕೂರುತ್ತಿದ್ದ.

ಅತ್ತೆ ಬಂದ ವಾರದಲ್ಲೇ ಅವನು ಹೇಳಿ ಕಳುಹಿಸಿದ: ಭಾನುವಾರದ ಬಸ್ಸಿಗೆ ಬರುತ್ತೇನೆ, ಹೆಂಡತಿಯನ್ನು ಕರೆದುಕೊಂಡು ಹೋಗುತ್ತೇನೆ.

ನಮ್ಮಪ್ಪ ವೀರಭದ್ರಸ್ವಾಮಿ ಮರದ ಡಿಪೋದಲ್ಲಿ ಕೆಲಸ ಮಾಡುತ್ತಿದ್ದರು. ಅಪ್ಪ ಕೆಟ್ಟವರಲ್ಲ, ಆದರೆ ಜನರ ಬಾಯಿಗೆ ಹೆದರುವವರು. ಅವರು ಜಗಲಿಯ ಕಂಬಕ್ಕೆ ಒರಗಿ, ಅತ್ತೆಯ ಮುಖ ನೋಡದೆ ಹೇಳಿದರು.

"ನೋಡು ರುದ್ರಿ, ಗಂಡ ಇರೋ ಹೆಣ್ಣನ್ನ ಸುಮ್ಸುಮ್ನೆ ಮನೇಲಿ ಮಡಿಕಂಡ್ರೆ ಕೇರಿಯೋರು ಸುಮ್ಕಿರ್ತಾರಾ? ಅವನು ಬಂದು ನಡುಬೀದೀಲಿ ನಿಂತ್ರೆ ನಾನೇನು ಯೋಳ್ಲಿ? ಒಂದು ಕೆಲ್ಸ ಅಂತ ಇದ್ರೆ, ಕೆಲ್ಸಕ್ಕೆ ಸೇರವಳೆ, ಸಾವ್ಕಾರ್ರಿಗೆ ಮಾತು ಕೊಟ್ಟಾಗೈತೆ ಅಂತಾದ್ರೂ ಅನ್ನಬೋದು."

"ಕೆಲ್ಸ ಸಿಕ್ಕುದ್ರೆ ಕಳ್ಸಾಕಿಲ್ವಾ ಅಣ್ಣ?"

"ಸಿಕ್ಕುದ್ರೆ ಕಳ್ಸಾಕಿಲ್ಲ. ಸಿಕ್ಕದೆ ಓದ್ರೆ ನನ್ನ ಕೈಲಿ ಏನೂ ಆಗಾಕಿಲ್ಲ ಕಣವ್ವ."

ಹುಣಸೂರಿನ ಅಂಗಡಿ ಬೀದಿಯಲ್ಲಿ ಶಿವನಂಜಪ್ಪನವರ ಜವಳಿ ಅಂಗಡಿ ಇದೆ. ಸುತ್ತಲ ಹಳ್ಳಿಗಳ ಹೆಂಗಸರು ರವಿಕೆ ಕಣ, ಮಕ್ಕಳ ಲಂಗದ ಬಟ್ಟೆ ಕೇಳಲು ಬಂದವರು ಗಂಡಸರನ್ನು ಕಂಡು ನಾಚಿ, ಬಾಗಿಲಲ್ಲೇ ನಿಂತು ಹಿಂತಿರುಗುತ್ತಿದ್ದರು. ಅದಕ್ಕೆ ಒಬ್ಬ ಹೆಂಗಸನ್ನು ಇಟ್ಟುಕೊಳ್ಳಬೇಕೆಂದು ಶಿವನಂಜಪ್ಪನವರು ಯೋಚಿಸಿದ್ದರು. ಅವರ ಅಕ್ಕನ ಮಗ ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದ. ಪರದೇಶಗಳ ದೊಡ್ಡ ಅಂಗಡಿಗಳಲ್ಲಿ ಕೆಲಸಕ್ಕೆ ಬಂದವರ ಮನಸ್ಸು ಎಂಥದು ಎಂದು ಪ್ರಶ್ನೆ ಕೇಳಿ ತಿಳಿಯುತ್ತಾರಂತೆ. ಅವನು ಆ ಪ್ರಶ್ನೆಗಳನ್ನು ಕನ್ನಡಕ್ಕೆ ತಿರುಗಿಸಿ ತಂದಿದ್ದ. ಅವನ ಪ್ರಶ್ನೆಗಳಲ್ಲಿ ಪಾಸಾದವರಿಗೇ ಕೆಲಸ.

ಇದನ್ನು ಅತ್ತೆಗೆ ಹೇಳಿದವನು ಅದೇ ಅಂಗಡಿಯ ಜಗಲಿಯಲ್ಲಿ ಹೊಲಿಗೆ ಮಿಷನ್ನು ಇಟ್ಟುಕೊಂಡಿದ್ದ ಮರಿಯಯ್ಯ. ಅಂಗಡಿಯೊಳಗೆ ಮುಂದೆ ನಡೆದದ್ದನ್ನು ನಾನು ಕಣ್ಣಿಂದ ಕಂಡಿಲ್ಲ. ಅತ್ತೆ ಹೇಳಿದ್ದನ್ನೂ ಮರಿಯಯ್ಯ ಹೇಳಿದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಇಬ್ಬರ ಮಾತು ಹೊಂದದ ಕಡೆ ಅತ್ತೆಯ ಮಾತನ್ನೇ ಇಟ್ಟುಕೊಂಡಿದ್ದೇನೆ.

ಗುರುವಾರ ಅತ್ತೆ ಹರಿದ ರವಿಕೆಯೊಂದನ್ನು ನೆಪ ಮಾಡಿಕೊಂಡು ಜಗಲಿಗೆ ಹೋದಳು.

"ಕೆಲ್ಸಕ್ಕಾ ತಾಯಿ?" ಎಂದು ಮರಿಯಯ್ಯ ದಾರ ಪೋಣಿಸುತ್ತಲೇ ಕೇಳಿದ. "ಮೈಸೂರು ಅಳಿಯಂದಿರ ಪರೀಕ್ಸೆ ಐತೆ. ಹೆಣ್ಣು ನೋಡಾಕೆ ಬಂದೋರೂ ಅಷ್ಟೊಂದು ಕೇಳಾಕಿಲ್ಲ."

"ಏನು ಕೇಳ್ತಾರಣ್ಣ?"

"ಏನು ಕೇಳಾಕಿಲ್ಲ ಅನ್ನು. ಬಿಳಿಕೆರೆಯಿಂದ ಮೇಷ್ಟ್ರ ಮಗಳೊಬ್ಳು ಬಂದಿದ್ಲು. ಯಾವತ್ತಾರಾ ಸುಳ್ಳು ಯೋಳಿದ್ದೀರಾ ಅಂದ್ರು. ಇಲ್ಲ ಅಂದ್ಲು. ಅಲ್ಲಿಗೆ ಮುಗೀತು. ಸುಳ್ಳೇ ಆಡ್ದೆ ಇರೋ ಮನ್ಸ ಭೂಮಿ ಮ್ಯಾಲೆ ಇಲ್ವಂತೆ, ಅದ್ಕೇ ಅವಳು ಸುಳ್ಳಿ ಅಂತೆ. ಆಮೇಲೆ ಕೊಪ್ಪದಿಂದ ಒಬ್ಳು ಬಂದ್ಲು. ಓ, ಬೇಕಾದಷ್ಟು ಯೋಳಿವ್ನಿ ಅಂದ್ಲು. ಅವಳ್ನೂ ಕಳ್ಸುದ್ರು."

"ಅಂಗಾದ್ರೆ ಯಾವ್ದು ಸರಿ?"

"ಅದು ಗೊತ್ತಿದ್ರೆ ನಾನ್ಯಾಕೆ ಬಿಸ್ಲಲ್ಲಿ ಕುಂತು ಮಿಷನ್ನು ತುಳೀತಿದ್ದೆ? ನಾನೂ ಅಳಿಯ ಆಗ್ತಿದ್ದೆ." ಮರಿಯಯ್ಯ ನಕ್ಕ. ಅತ್ತೆ ನಗದಿದ್ದನ್ನು ಕಂಡು ದನಿ ತಗ್ಗಿಸಿದ. "ಒಂದು ನೆಪ್ಪಲ್ಲಿ ಮಡಿಕೊ. ಕತ್ಲು ಕಂಡ್ರೆ ಭಯವಾ ಅಂತ ಕೇಳ್ತಾರೆ. ಒಳಗಡೆ ಸರಕಿನ ಕ್ವಾಣೆ ಐತೆ, ಕಿಟಕಿ ಇಲ್ಲ. ದಿನಕ್ಕೆ ಹತ್ತು ಸಲ ಓಗಬೇಕು. ಅದಕ್ಕೊಂದಕ್ಕೆ ಮಾತ್ರ ಭಯ ಇಲ್ಲ ಅಂದ್ಬುಡು."

ಅತ್ತೆ ರವಿಕೆಯನ್ನು ಅಲ್ಲೇ ಮರೆತು ಮನೆಗೆ ಬಂದಳು. ನೀರು ಸೇದುವಾಗ, ರೊಟ್ಟಿ ತಟ್ಟುವಾಗ ಅವಳ ತುಟಿ ಅಲ್ಲಾಡುತ್ತಲೇ ಇತ್ತು. ತಾನೇ ಪ್ರಶ್ನೆ ಕೇಳಿಕೊಂಡು ತಾನೇ ಉತ್ತರ ಹೇಳಿಕೊಳ್ಳುತ್ತಿದ್ದಳು. ಹೇಳಿದ ಉತ್ತರವನ್ನು ಮತ್ತೆ ಬದಲಾಯಿಸುತ್ತಿದ್ದಳು. ರೊಟ್ಟಿ ಸೀದು ಹೊಗೆ ಎದ್ದ ಮೇಲೆ ಅವಳಿಗೆ ಎಚ್ಚರವಾಯಿತು.

ಶುಕ್ರವಾರ ಬೆಳಿಗ್ಗೆ ಅತ್ತೆ ಹೋದಾಗ ಅಂಗಡಿಯನ್ನು ಆಗಷ್ಟೇ ತೆರೆದಿದ್ದರು. ಲಕ್ಷ್ಮಿಯ ಪಟದ ಮುಂದೆ ದೀಪ ಉರಿಯುತ್ತಿತ್ತು, ಊದುಬತ್ತಿಯ ಹೊಗೆ ಇನ್ನೂ ಚಾವಣಿ ಮುಟ್ಟಿರಲಿಲ್ಲ. ಶಿವನಂಜಪ್ಪನವರು ಗಾದಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದರು. ಅಳಿಯ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆದ.

"ನಾನು ಒಂದೊಂದಾಗಿ ಓದ್ತೀನಿ. ಹೌದು ಅಥವಾ ಇಲ್ಲ, ಅಷ್ಟೇ ಹೇಳಬೇಕು. ಬೇರೆ ಮಾತು ಬೇಡ. ಯೋಚನೆ ಮಾಡೋದೂ ಬೇಡ, ಗೊತ್ತಾಯ್ತಾ?"

ಅತ್ತೆ ತಲೆಯಾಡಿಸಿದಳು. ಆಗಲೇ ಅವಳ ಕಣ್ಣು ಪಟದ ಮುಂದಿನ ದೀಪದ ಮೇಲೆ ಬಿತ್ತು. ಅವಳು ಹೆದರಿದ್ದು ಆ ಹುಡುಗನಿಗಲ್ಲ.

ನಮ್ಮ ತಾತ ಬಿಳಿಕೆರೆಯ ರಸ್ತೆ ಬದಿಯಲ್ಲಿ ದಿನಸಿ ಅಂಗಡಿ ಇಟ್ಟಿದ್ದರು. ಅತ್ತೆ ಬೆಳೆದದ್ದು ಅದರೊಳಗೇ. ದೀಪ ಹಚ್ಚಿದ ಅಂಗಡಿಯಲ್ಲಿ ಮೊದಲ ವ್ಯಾಪಾರ, ಅಂದರೆ ಬೋಣಿ ಆಗುವವರೆಗೆ ಯಾರೂ 'ಇಲ್ಲ' ಎನ್ನುವ ಮಾತು ಆಡುವಂತಿರಲಿಲ್ಲ. ಎಣ್ಣೆ ಮುಗಿದಿದ್ದರೆ 'ತುಂಬೈತೆ, ನಾಳೆ ಬನ್ನಿ' ಎನ್ನಬೇಕು. ಚಿಕ್ಕವಳಿದ್ದಾಗ ಒಂದು ಶುಕ್ರವಾರ ಅತ್ತೆ ಬಾಯಿ ತಪ್ಪಿ ಬೆಲ್ಲ ಇಲ್ಲ ಎಂದಿದ್ದಳು. ಎಂದೂ ಹೊಡೆಯದ ತಾತ ಅವತ್ತು ಅವಳ ಬಾಯಿಯ ಮೇಲೆ ಹೊಡೆದಿದ್ದರು. ಲಕ್ಷ್ಮಿಯ ಎದುರಿಗೆ ಇಲ್ಲ ಎಂದರೆ ಅಂಗಡಿಯೇ ಇಲ್ಲವಾಗುತ್ತದೆ ಎಂಬ ನಂಬಿಕೆ. ಇನ್ನೊಬ್ಬರ ಅಂಗಡಿಗೆ ಕೆಲಸ ಕೇಳಿಕೊಂಡು ಬಂದು ಅದೇ ಮಾತನ್ನು ಆಡುವುದೇ?

"ನಿಮಗೆ ಬೇಗ ಕೋಪ ಬರುತ್ತದೆಯೇ?" ಅಳಿಯ ಓದಿದ.

ಅತ್ತೆ ಹೇಳಿದಳು, "ಹೌದು."

"ಜನರ ಜೊತೆ ಬೆರೆಯುವುದು ಇಷ್ಟವೇ?"

"ಹೌದು."

"ಒಬ್ಬರೇ ಇರುವುದು ಇಷ್ಟವೇ?"

"ಹೌದು."

ಅಳಿಯ ತಲೆಯೆತ್ತಿ ನೋಡಿ ಮತ್ತೆ ಓದಿದ. "ಸುಳ್ಳು ಹೇಳಿದ್ದೀರಾ?"

"ಹೌದು."

"ಬೇರೆಯವರ ವಸ್ತುವನ್ನು ಕೇಳದೆ ತೆಗೆದುಕೊಂಡಿದ್ದೀರಾ?"

ಕಳ್ಳಿ ಎಂದು ತಾನೇ ಒಪ್ಪಿಕೊಂಡವಳಿಗೆ ಯಾರು ಅಂಗಡಿ ಒಪ್ಪಿಸುತ್ತಾರೆ? ಆದರೂ ದೀಪ ಎದುರಿಗೇ ಇತ್ತು.

"ಹೌದು," ಎಂದಳು.

ಹೊರಗೆ ಮರಿಯಯ್ಯನ ಮಿಷನ್ನು ನಿಂತಿತು. "ಅಯ್ಯೋ, ಏನವ್ವ ಅಂಗಂತೀಯ!" ಎಂದು ಅವನು ಜಗಲಿಯಿಂದಲೇ ಕೂಗಿದ.

ಅಳಿಯ ಪೆನ್ನು ಕೆಳಗಿಟ್ಟ. "ಮಾವ, ಈಯಮ್ಮನಿಗೆ ಪ್ರಶ್ನೆಯೇ ಅರ್ಥವಾಗ್ತಾ ಇಲ್ಲ. ಕಳಿಸಿಬಿಡೋಣ."

ಆ ಹುಡುಗನ ಬಾಯಿಂದ ಎರಡನೆಯ ಸಲ 'ಇಲ್ಲ' ಬಂದದ್ದಕ್ಕೆ ಶಿವನಂಜಪ್ಪನವರು ಕೆನ್ನೆ ತಟ್ಟಿಕೊಂಡು ಪಟದ ಕಡೆ ಕೈ ಮುಗಿದರು. ಆಮೇಲೆ ಅತ್ತೆಯ ಕಡೆ ತಿರುಗಿದರು.

"ನಿಮ್ಮಪ್ಪ ಏನು ಮಾಡ್ತಿದ್ರವ್ವ?"

"ಬಿಳಿಕೆರೇಲಿ ಅಂಗಡಿ ಇಟ್ಟಿದ್ರು ಯಜಮಾನ್ರೆ."

"ಊಂ. ಲೋ, ಇನ್ನೂ ಬೋಣಿ ಆಗಬೇಕು ಕಣೋ. ಬೋಣಿ ಆದ್ಮೇಲೆ ಮೊದ್ಲಿಂದ ಕೇಳು."

"ಬೋಣಿಗೂ ಇದಕ್ಕೂ ಏನು ಸಂಬಂಧ ಮಾವ?"

"ಆಮೇಲೆ ಕೇಳು ಅಂದ್ನಲ್ಲ."

ಅತ್ತೆ ಕಂಬದ ಪಕ್ಕ ನಿಂತಳು. ಗಿರಾಕಿ ಬೇಗ ಬರಲಿ ಎಂದು ಬೇಡಿಕೊಳ್ಳಬೇಕಾಗಿತ್ತು. ಆದರೆ ಅವಳು ಯಾರೂ ಬಾರದಿರಲಿ ಎಂದೇ ಬೇಡಿಕೊಂಡಳಂತೆ. ಬೋಣಿ ಆಗುವವರೆಗೆ ಉತ್ತರ ಹೇಳುವ ಕಷ್ಟ ಇರಲಿಲ್ಲ. ಆದ ಮೇಲೆ ಮರಿಯಯ್ಯ ಹೇಳಿದ ಆ ಕತ್ತಲಿನ ಪ್ರಶ್ನೆ ಬಂದೇ ಬರುತ್ತಿತ್ತು. ಅಷ್ಟರಲ್ಲಿ ಒಬ್ಬ ಗಾಡಿಯವನು ಬಂದು, ಚೌಕಾಸಿಯನ್ನೂ ಮಾಡದೆ ಒಂದು ಟವೆಲ್ಲು ಕೊಂಡು ಹೆಗಲಿಗೆ ಹಾಕಿಕೊಂಡು ಹೋದ. ಶಿವನಂಜಪ್ಪನವರು ದುಡ್ಡನ್ನು ಕಣ್ಣಿಗೊತ್ತಿಕೊಂಡು ಅಳಿಯನಿಗೆ ಸನ್ನೆ ಮಾಡಿದರು.

ಈ ಸಲ ಅತ್ತೆ ನಿಜವನ್ನೇ ಹೇಳಿದಳು. ಕೋಪ ಬೇಗ ಬರುವುದಿಲ್ಲ. ಸುಳ್ಳು ಹೇಳಿದ್ದುಂಟು. ಕೇಳದೆ ಯಾರದನ್ನೂ ತೆಗೆದುಕೊಂಡಿಲ್ಲ. ಅಳಿಯನ ಪೆನ್ನು ಸರಸರನೆ ಓಡಿತು. ಅವನ ಮುಖ ಸಡಿಲವಾಗುವುದನ್ನು ಅತ್ತೆ ನೋಡುತ್ತಿದ್ದಳು, ಆದರೂ ಆ ಪ್ರಶ್ನೆ ಇನ್ನೂ ಬರಬೇಕಿತ್ತು.

"ಕತ್ತಲಲ್ಲಿ, ಮುಚ್ಚಿದ ಜಾಗದಲ್ಲಿ ಭಯವಾಗುತ್ತದೆಯೇ?"

ಭಾನುವಾರದ ಬಸ್ಸು ಅವಳ ಕಣ್ಣ ಮುಂದೆ ಬಂತು. ಬಸ್ಸಿನಿಂದ ಇಳಿಯುವ ಬೆಟ್ಟಸ್ವಾಮಿ ಬಂದ, ಆ ಚಪ್ಪಡಿಯೂ ಬಂತು.

"ಇಲ್ಲ," ಎಂದಳು.

"ಒಳ್ಳೇದು. ಹಾಗಾದರೆ ಒಳಕೋಣೆಯಲ್ಲಿ ಕೆಂಪು ದಾರ ಕಟ್ಟಿದ ಗಂಟು ಇದೆ, ತನ್ನಿ."

ಆ ಅಂಗಡಿ ಹಿಂದೆ ಮನೆಯಾಗಿತ್ತು. ಸರಕಿನ ಕೋಣೆ ಅದರ ಹಳೆಯ ಉಗ್ರಾಣ; ಬಾಗಿಲಿಗೆ ಹೊರಗೆ ಚಿಲಕ, ಒಳಗೆ ಅಗುಳಿ ಎರಡೂ ಇದ್ದವು. ಅತ್ತೆ ಹೊಸ್ತಿಲು ದಾಟಿದಳು. ಹೊಸ ಬಟ್ಟೆಯ ಗಂಜಿ ವಾಸನೆ ಮೂಗಿಗೆ ಬಡಿಯಿತು. ಬಾಗಿಲಿಂದ ಬರುತ್ತಿದ್ದ ಬೆಳಕಿನಲ್ಲಿ ಕೆಂಪು ದಾರ ಕಾಣಿಸಿತು. ಅದಕ್ಕೆ ಕೈ ಹಾಕುವ ಹೊತ್ತಿಗೆ ಬೆಳಕು ಹೋಯಿತು. ಹಿಂದಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು. ಅಳಿಯ ಬಾಗಿಲು ಮುಚ್ಚಿದ್ದ. ಅದೂ ಅವನ ಪರೀಕ್ಷೆಯೇ.

ಬೇರೆ ಯಾರಾದರೂ ಆಗಿದ್ದರೆ ಕೂಗುತ್ತಿದ್ದರು. ಅತ್ತೆ ಕೂಗಲಿಲ್ಲ. ಹಗೇವಿನಲ್ಲಿ ಮೊದಲ ಸಲ ಅವಳು ಬಹಳ ಕೂಗಿದ್ದಳು. ಕೂಗಿದಷ್ಟೂ ಉಸಿರು ಕಟ್ಟಿತ್ತು, ಕೂಗಿದಷ್ಟೂ ಚಪ್ಪಡಿ ತೆಗೆಯುವುದು ತಡವಾಗಿತ್ತು. ಆಮೇಲೆ ಅವಳು ಕೂಗುವುದನ್ನು ಬಿಟ್ಟಿದ್ದಳು. ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಹಲ್ಲಿನಿಂದ ಕಚ್ಚಿ ಹಿಡಿದು, ಸಣ್ಣ ಸಣ್ಣದಾಗಿ ಉಸಿರಾಡುವುದನ್ನು ಕಲಿತಿದ್ದಳು. ಈಗಲೂ ಹಾಗೆಯೇ ಕೂತಳು. ಗೋಡೆಗಳು ಹತ್ತಿರ ಬಂದಂತಾಯಿತು. ತಲೆಯ ಮೇಲಿಂದ ಮಣ್ಣು ಉದುರಿದಂತಾಯಿತು. ಬಾಗಿಲಾಚೆ ಮಾತಾಡುತ್ತಿದ್ದದ್ದು ಬೆಟ್ಟಸ್ವಾಮಿಯೇ ಎನ್ನಿಸಿತು.

ಬಾಗಿಲು ತೆರೆದಾಗ ಅವಳು ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು.

"ನೋಡಿ ಮಾವ!" ಅಳಿಯನಿಗೆ ನಿಜವಾಗಿ ಸಂತೋಷವಾಗಿತ್ತು. "ಒಂದು ಸದ್ದಿಲ್ಲ. ಇಂಥ ಗಟ್ಟಿ ಮನಸ್ಸು ನಾನು ಕಂಡಿಲ್ಲ. ಇವರೇ ಸರಿ."

ಅತ್ತೆ ಕಚ್ಚಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಶಿವನಂಜಪ್ಪನವರು ಮೊದಲು ನೀರು ಕುಡಿಯಲು ಹೇಳಿದರು. ಆಮೇಲೆ ಸೋಮವಾರದಿಂದ ಬಾ ಎಂದರು.

"ನಾಳೆಯಿಂದ್ಲೇ ಬತ್ತೀನಿ ಯಜಮಾನ್ರೆ," ಎಂದಳು ಅತ್ತೆ. ದನಿ ಎಷ್ಟು ಸಣ್ಣದಿತ್ತೆಂದರೆ ಅವರು ಇನ್ನೊಮ್ಮೆ ಕೇಳಬೇಕಾಯಿತು.

ಭಾನುವಾರ ಬೆಟ್ಟಸ್ವಾಮಿ ಹೇಳಿದಂತೆಯೇ ಬಂದ. ಬಾಳೆಹಣ್ಣನ್ನೂ ತಂದಿದ್ದ. ಅಪ್ಪ ತಡವರಿಸಿದರು, ಆದರೆ ಹೇಳಿದರು. "ಅವಳು ಶಿವನಂಜಪ್ನೋರ ಜವಳಿ ಅಂಗ್ಡೀಲಿ ಕೆಲ್ಸಕ್ಕೆ ಸೇರವಳೆ ಕಣಪ್ಪ. ಮಾತು ಕೊಟ್ಟಾಗೈತೆ."

"ನಮ್ಮನೇಲಿ ಕೆಲ್ಸ ಇರ್ಲಿಲ್ವಾ ಭಾವ?" ಎಂದು ನಗುತ್ತಲೇ ಹಣ್ಣನ್ನು ಜಗಲಿಯ ಮೇಲಿಟ್ಟು ಅವನು ನೇರ ಅಂಗಡಿ ಬೀದಿಗೆ ನಡೆದ.

ಅತ್ತೆ ಇಬ್ಬರು ಹೆಂಗಸರಿಗೆ ಗಜಕೋಲಿನಿಂದ ಹೂವಿನ ಅಚ್ಚಿನ ಚೀಟಿ ಬಟ್ಟೆ ಅಳೆಯುತ್ತಿದ್ದಳು. ಬೀದಿಯಲ್ಲಿ ಅವನನ್ನು ಕಂಡವಳೇ ಕೋಲನ್ನು ಅಲ್ಲೇ ಹಾಕಿದಳು. ಹಿತ್ತಲ ಬಾಗಿಲಿಗೆ ಓಡಲು ಹೊತ್ತಿರಲಿಲ್ಲ. ಇದ್ದದ್ದು ಒಳಕೋಣೆ ಒಂದೇ. ಅವಳು ಅದರೊಳಗೆ ಹೋಗಿ ತಾನೇ ಬಾಗಿಲು ಮುಚ್ಚಿ, ಒಳಗಿನ ಅಗುಳಿ ಹಾಕಿಕೊಂಡಳು.

"ನನ್ ಎಂಡ್ತಿ ಇಲ್ಲೇ ಅವಳೆ, ಕಳ್ಸಿ," ಎಂದ ಬೆಟ್ಟಸ್ವಾಮಿ.

"ಎಂಗಸ್ರು ಬಟ್ಟೆ ನೋಡ್ತಾವ್ರೆ, ಮೆಟ್ಲು ಇಳ್ದು ನಿಂತ್ಕಳಪ್ಪ," ಎಂದರು ಶಿವನಂಜಪ್ಪನವರು. ದನಿ ಏರಿಸಲಿಲ್ಲ. ಮರಿಯಯ್ಯ ಕತ್ತರಿಯನ್ನು ಕೈಯಲ್ಲಿ ಹಿಡಿದೇ ಎದ್ದು ನಿಂತ. ಏಕೆ ನಿಂತೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ ಕಾಲು ಜೋಮು ಹಿಡಿದಿತ್ತು ಎಂದ. ಬೀದಿಯ ಜನ ನೋಡತೊಡಗಿದರು. ಜನರ ಎದುರಿಗೆ ಸಾಧುವಾಗಿರುವ ಬೆಟ್ಟಸ್ವಾಮಿ ಬಹಳ ಹೊತ್ತು ನಗುತ್ತಾ ನಿಂತಿದ್ದು, ಕೊನೆಗೆ ಸಂಜೆಯ ಬಸ್ಸಿಗೆ ಹೋದ.

ಅವನು ಹೋದ ಎಂದು ಶಿವನಂಜಪ್ಪನವರು ಎಷ್ಟು ಸಲ ಹೇಳಿದರೂ ಅತ್ತೆ ಅಗುಳಿ ತೆಗೆಯಲಿಲ್ಲ. ನಮ್ಮಮ್ಮ ಹೋಗಿ ಕರೆದ ಮೇಲೆ ತೆಗೆದಳು. ಸೀರೆಯೆಲ್ಲ ಬೆವರಿನಿಂದ ಒದ್ದೆಯಾಗಿತ್ತು.

"ಆ ಕತ್ತಲಲ್ಲಿ ಭಯ ಆಗ್ಲಿಲ್ವಾ ಅತ್ತೆ?" ಎಂದು ನಾನು ಆಮೇಲೆ ಕೇಳಿದೆ.

"ಆಯ್ತು ಕಣ್ಮಗ. ಆಗ್ದೆ ಇರ್ತದಾ?" ಎಂದಳು. "ಆದ್ರೆ ಈ ಸಲ ಅಗುಳಿ ನನ್ನ ಕಡೀಕೆ ಇತ್ತು."

ಅತ್ತೆ ಈಗಲೂ ಅದೇ ಅಂಗಡಿಯಲ್ಲಿದ್ದಾಳೆ. ಹಳ್ಳಿಯ ಹೆಂಗಸರು ಅವಳನ್ನೇ ಕೇಳಿಕೊಂಡು ಬರುತ್ತಾರೆ. ಬೆಟ್ಟಸ್ವಾಮಿ ಮತ್ತೆ ಎರಡು ಸಲ ಬಂದು ಹೋಗಿದ್ದಾನೆ. ಮುಂದೆ ಬರುವುದಿಲ್ಲ ಎಂದು ನಾನು ಬರೆಯಲಾರೆ. ಹಂಪಾಪುರದ ಕಡೆಯ ಬಸ್ಸು ಬರುವ ಹೊತ್ತಿಗೆ ಅತ್ತೆ ಗಜಕೋಲನ್ನು ಬಟ್ಟೆಯ ಮೇಲೇ ಒತ್ತಿ ಹಿಡಿದು ಬೀದಿಯನ್ನು ನೋಡುತ್ತಾಳೆ. ಇಳಿದವರೆಲ್ಲ ಅಂಗಡಿಯನ್ನು ದಾಟಿ ಹೋದ ಮೇಲೆ, ಅಳೆದದ್ದನ್ನು ಮತ್ತೆ ಮೊದಲಿನಿಂದ ಅಳೆಯುತ್ತಾಳೆ.