ಗೇಣೆತ್ತರದ ಬೆಂಚು

ನಮ್ಮ ದೊಡ್ಡಮ್ಮನಿಗೆ ಮನೆಯ ಮಕ್ಕಳೆಲ್ಲ ಸೇರಿ ಇಟ್ಟ ಹೆಸರು ಕತ್ತಲೆ ದೊಡ್ಡಮ್ಮ. ಬಣ್ಣಕ್ಕಲ್ಲ, ಕೆಲಸಕ್ಕೆ. ದೊಡ್ಡಪ್ಪನ ಫೋಟೋ ಸ್ಟುಡಿಯೋದ ಹಿಂಭಾಗದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ ಇತ್ತು. ಮದುವೆಯಾಗಿ ಬಂದಾಗಿನಿಂದ ತಲೆ ನರೆಯುವ ತನಕ ಅವಳು ಅಲ್ಲೇ ಫಿಲ್ಮ್ ತೊಳೆದಳು. ಒಳಗಿಂದ ಚಿಲಕ, ಮೇಲೊಂದು ಕೆಂಪು ಬಲ್ಬು, ಸಾಲಾಗಿ ಇಟ್ಟ ಟ್ರೇಗಳಲ್ಲಿ ಘಾಟು ವಾಸನೆಯ ನೀರು. ತಪ್ಪಿ ಯಾರಾದರೂ ಕದ ತೆಗೆದರೆ ಯಾರದೋ ಮದುವೆಗೆ ಮದುವೆಯೇ ಕಪ್ಪಾಗಿಹೋಗುತ್ತಿತ್ತು. ಹಾಗಾಗಿ ನಾವು ಬಿದ್ದು ಮಂಡಿ ಒಡೆದುಕೊಂಡರೂ ಹೊರಗೆ ನಿಂತೇ ಅಳಬೇಕು, ಅವಳು ಒಳಗಿಂದಲೇ ಸಮಾಧಾನ ಮಾಡಬೇಕು.

ಮುಂದಿನ ಕೋಣೆ ದೊಡ್ಡಪ್ಪನ ರಾಜ್ಯ. ಅಲ್ಲಿ ಗೋಡೆಯಗಲಕ್ಕೆ ಅವರೇ ಬಣ್ಣದಲ್ಲಿ ಬರೆದ ಪರದೆ ತೂಗುತ್ತಿತ್ತು: ಹೂಬಳ್ಳಿ ಹಬ್ಬಿದ ಕಮಾನು, ಅದರಾಚೆ ದೂರಕ್ಕೆ ಹೋಗುವ ಹಾದಿ, ಹಾದಿಯ ಕೊನೆಯಲ್ಲಿ ಬಿಳಿ ಬೆಂಚು, ಅದರ ಹಿಂದೆ ಮರಗಳು. ಊರಿನ ಅರ್ಧ ಜನ ಆ ತೋಟದ ಮುಂದೆ ಉಸಿರು ಬಿಗಿಹಿಡಿದು ನಿಂತವರೇ. ದೊಡ್ಡಮ್ಮ ಮಾತ್ರ ಅದನ್ನು ಹೆಚ್ಚಾಗಿ ನೋಡಿದ್ದು ನೆಗೆಟಿವಿನಲ್ಲಿ, ಬೆಳ್ಳನೆಯ ಎಲೆ, ಕಪ್ಪು ಆಕಾಶ. ಹಸಿರು ಅಂದರೆ ಅವಳಿಗೆ ಕೇಳಿದ ಸುದ್ದಿ.

ಎಲ್ಲರ ಕೈಗೂ ಫೋನ್ ಬಂದು ಸ್ಟುಡಿಯೋ ಮುಚ್ಚಿದಾಗ ದೊಡ್ಡಪ್ಪ ಮಂಕಾದರು. ದೊಡ್ಡಮ್ಮನಿಗೆ ಒಳಗೊಳಗೇ ಖುಷಿ, ನನಗೆ ಗೊತ್ತು. ಅವರು ಹೊಸದಾಗಿ ಹೋದ ಮನೆಗೆ ಹಿತ್ತಲಿತ್ತು. ಸುತ್ತ ಗೋಡೆಯಿದ್ದ, ಹತ್ತು ಹೆಜ್ಜೆಗೆ ಮುಗಿದುಹೋಗುವ ಖಾಲಿ ಮಣ್ಣು. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವಳು ನನ್ನ ಕೈ ಹಿಡಿದುಕೊಂಡಳು.

"ನನಗೊಂದು ತೋಟ ಬೇಕು ಕಣೇ. ನೋಡೋಕಲ್ಲ. ಒಳಗೆ ಹೋಗಿ ಕೂತ್ಕೊಳ್ಳೋಕೆ. ಎಲೆ ಮೈಗೆ ತಾಗ್ಬೇಕು."

ಇಷ್ಟೇ ಅವಳು ಕೇಳಿದ್ದು. ಇಡೀ ಜನ್ಮದಲ್ಲಿ ಅವಳು ಕೇಳಿದ್ದೇ ಇದೊಂದು.

ದೊಡ್ಡಪ್ಪ ಕೂಡಲೇ ಒಪ್ಪಿದರು. ಒಪ್ಪಿದ್ದೇ ತಾಪತ್ರಯವಾಯಿತು. "ಸುಮ್ಮನೆ ನಾಲ್ಕು ಗಿಡ ನೆಟ್ರೆ ತೋಟ ಆಗಲ್ಲ, ಸ್ಫೂರ್ತಿ ಬೇಕು" ಎಂದು ಕೂತುಬಿಟ್ಟರು. ನಾನು ತೋಟಗಳ ಚಿತ್ರವಿರುವ ಪತ್ರಿಕೆಗಳನ್ನು ತಂದುಕೊಟ್ಟೆ, ಮೂಗು ಮುರಿದರು. "ನಿಮಗೆ ಸ್ಫೂರ್ತಿ ಬರೋಷ್ಟರಲ್ಲಿ ನನಗೆ ಮೇಲಿನಿಂದ ಕರೆ ಬಂದಿರುತ್ತೆ" ಎಂದು ದೊಡ್ಡಮ್ಮ ನಕ್ಕಳು. ಕೊನೆಗೆ ಒಂದು ಭಾನುವಾರ ಇಬ್ಬರನ್ನೂ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋದೆ. ದೊಡ್ಡಪ್ಪ ಒಂದು ಕಣ್ಣು ಮುಚ್ಚಿ, ಎರಡೂ ಕೈಯ ಬೆರಳುಗಳಲ್ಲಿ ಚೌಕ ಮಾಡಿ, ಹೂವಿನ ಪಾತಿಗಳನ್ನು ಅದರೊಳಗಿಟ್ಟು ನೋಡುತ್ತ, ಮಾಲಿಗೆ ಬುದ್ಧಿ ಹೇಳುತ್ತ ನಡೆದರು. ತಿರುಗಿ ನೋಡಿದರೆ ದೊಡ್ಡಮ್ಮ ನಾಪತ್ತೆ.

ಸಿಕ್ಕಿದ್ದು ಪಾರ್ಕಿನ ಹೊರಗೆ, ಸೈಕಲ್ ರಿಪೇರಿ ಅಂಗಡಿಯಲ್ಲಿ. ಅಂಗಡಿಯ ತಗಡಿನ ಮೇಲೆ ಕುಂಬಳದ ಬಳ್ಳಿ ಹಬ್ಬಿ ಮುಂದಕ್ಕೆ ಜೋತುಬಿದ್ದಿತ್ತು. ರಿಪೇರಿಯವನು ಅದರ ಕೆಳಗೆ ಕೂತು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಅವನ ಪಕ್ಕದಲ್ಲಿ ಬೋರಲು ಹಾಕಿದ ಡಬ್ಬದ ಮೇಲೆ ನಮ್ಮ ದೊಡ್ಡಮ್ಮ, ತಲೆಗೆ ಎಲೆ ತಾಗಿಸಿಕೊಂಡು.

"ರೀ, ಇಂಥದ್ದು ಮಾಡೋಣ" ಎಂದಳು.

"ಸೈಕಲ್ ಅಂಗಡಿ ನೋಡಿ ಯಾರಾದ್ರೂ ತೋಟ ಮಾಡ್ತಾರೇನೇ? ಏಳು, ಏಳು."

ಅದಾದ ವಾರಕ್ಕೇ ದೊಡ್ಡಪ್ಪನಿಗೆ ಸ್ಫೂರ್ತಿ ಬಂತು. ಹಳೆಯ ಪರದೆಯನ್ನು ಟ್ರಂಕಿನಿಂದ ತೆಗೆದು ಹಿತ್ತಲಿನಲ್ಲಿ ಹರಡಿ ಕೂತಿದ್ದರು. "ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು ನೋಡು!" ಎಂದು ನನಗೆ ಫೋನ್ ಮಾಡಿದರು. ಅವತ್ತಿನಿಂದ ಹಿತ್ತಲ ಬಾಗಿಲಿಗೆ ಬೀಗ. ಪೂರ್ತಿಯಾಗುವ ತನಕ ದೊಡ್ಡಮ್ಮ ನೋಡಬಾರದು. ಅವಳು ಅಡುಗೆಮನೆಯಲ್ಲಿ ನಿಂತು ಗುದ್ದಲಿಯ ಸದ್ದು, ಗಾರೆ ಕಲಸುವ ಸದ್ದು ಕೇಳಿಸಿಕೊಂಡೇ ತಿಂಗಳುಗಟ್ಟಲೆ ಕಳೆದಳು. ಮುಚ್ಚಿದ ಬಾಗಿಲು ಅವಳಿಗೇನು ಹೊಸದೇ?

ಬೀಗ ತೆಗೆದ ದಿನ ನಾನೂ ಇದ್ದೆ. ಸುಳ್ಳು ಹೇಳಬಾರದು, ಬಾಯಿ ಕಳೆದುಕೊಂಡು ನಿಂತೆ. ಹತ್ತು ಹೆಜ್ಜೆಯ ಹಿತ್ತಲು ಫರ್ಲಾಂಗು ದೂರ ಹಬ್ಬಿತ್ತು. ಕಮಾನು, ಬಳ್ಳಿ, ಎರಡೂ ಬದಿಗೆ ಹೂವು, ದೂರ ದೂರಕ್ಕೆ ಹೋಗುವ ಹಾದಿ, ಅದರ ಕೊನೆಯಲ್ಲಿ ಮರಗಳ ಕೆಳಗೆ ಬಿಳಿ ಬೆಂಚು. ದೊಡ್ಡಮ್ಮನ ಕಣ್ಣಲ್ಲಿ ನೀರು ಬಂತು. ಚಪ್ಪಲಿ ಬಿಟ್ಟು, ಬೆಂಚಿನ ಕಡೆಗೆ ಸರಸರನೆ ಹೊರಟಳು.

ನಾಲ್ಕು ಹೆಜ್ಜೆಗೆ ಹಾದಿಯ ಎರಡೂ ಅಂಚಿನ ಗಿಡಗಳು ಅವಳ ಸೀರೆಗೆ ತಗುಲತೊಡಗಿದವು. ಇನ್ನೆರಡು ಹೆಜ್ಜೆಗೆ ಪಾದ ಒಂದರ ಮುಂದೊಂದು ಇಡಬೇಕಾಯಿತು. ಬೆಂಚಿನ ಹತ್ತಿರ ಹೋಗಿ ನಿಂತಾಗ ಅದು ಅವಳ ಕಾಲಿನ ಗಂಟಿಗಿಂತ ತುಸು ಮೇಲಿತ್ತು, ಅಷ್ಟೇ. ಗೇಣೆತ್ತರ. ಹಿಂದಿನ ಮರಗಳೆಂದರೆ ಸೊಂಟದುದ್ದದ ಸೀಬೆ ಸಸಿಗಳು. ಪರದೆಯಲ್ಲಿ ದೂರ ತೋರಿಸಲು ಮಾಡುವ ಉಪಾಯವನ್ನೆಲ್ಲ ದೊಡ್ಡಪ್ಪ ಮಣ್ಣಿನಲ್ಲೂ ಮಾಡಿದ್ದರು. ಮುಂದೆ ದೊಡ್ಡದು, ಹಿಂದೆ ಚಿಕ್ಕದು, ಹಾದಿ ಹೋಗುತ್ತ ಹೋಗುತ್ತ ಕಿರಿದು. ದೂರದ ಬೆಟ್ಟ ನುಣ್ಣಗೆ ಅಂತಾರಲ್ಲ, ಇಲ್ಲಿ ದೂರವೂ ಇರಲಿಲ್ಲ.

"ಇದರ ಮೇಲೆ ಯಾರು ಕೂತ್ಕೊಳ್ಳೋದು ರೀ?"

"ಕೂತ್ಕೊಳ್ಳೋದಾ? ದೂರ ಕಾಣ್ಲಿ ಅಂತ ಇಟ್ಟಿದ್ದು ಅದು! ಈಚೆ ಬಾರೇ, ನೀನು ಅಲ್ಲಿ ನಿಂತ್ರೆ ತೋಟ ಗುಬ್ಬಿ ಗೂಡಿನ ಹಾಗೆ ಕಾಣುತ್ತೆ."

ಅವಳು ಈಚೆ ಬಂದಳು. ಬಾಗಿಲ ಹತ್ತಿರ, ಎಲ್ಲಿಂದ ನೋಡಿದರೆ ತೋಟ ಸರಿಯಾಗಿ ಕಾಣುತ್ತದೋ ಅಲ್ಲಿ, ಎರಡು ಕುರ್ಚಿ ಹಾಕಿದ್ದರು. ಒಂದು ದೊಡ್ಡಪ್ಪನದು, ಒಂದು ಅವಳದು. ಒಂದು ಮೊಳ ಆಚೀಚೆ ಸರಿದರೂ ಚಿತ್ರ ಕೆಡುತ್ತಿತ್ತು. ನೋಡಲು ಬೀದಿಯವರೆಲ್ಲ ಬಂದರು. ಅಕ್ಕಪಕ್ಕದವರು, ಹಳೆಯ ಗಿರಾಕಿಗಳು, ಪೋಸ್ಟ್‌ಮನ್ ಕೂಡ. ಬಂದವರಿಗೆ ದೊಡ್ಡಮ್ಮನ ಕುರ್ಚಿ. ಅವಳು ಅವರ ಬೆನ್ನ ಹಿಂದೆ ಲೋಟಗಳ ತಟ್ಟೆ ಹಿಡಿದು ಅಡುಗೆಮನೆಯಲ್ಲಿ ನಿಲ್ಲುತ್ತಿದ್ದಳು. ದೊಡ್ಡಪ್ಪ ಹಿಗ್ಗಿ ಹೀರೇಕಾಯಿ. "ಎಲ್ಲ ಇವಳಿಗೋಸ್ಕರ ಮಾಡಿದ್ದು" ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಎಷ್ಟು ಪುಣ್ಯ ಮಾಡಿದ್ರಿ ಎಂದು ಹೆಂಗಸರು ಅವಳ ಕೈ ಒತ್ತಿ ಹೋಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯಿತು. ಹೇಳಿಯೇಬಿಡುತ್ತೇನೆ ಎಂದು ಎದ್ದೆ. ದೊಡ್ಡಮ್ಮ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

"ಬೇಡ ಕಣೇ. ಸ್ಟುಡಿಯೋ ಹೋದ್ಮೇಲೆ ಮನುಷ್ಯ ಈಗ ನಗ್ತಾ ಇರೋದು. ಬೈಯೋ ಗಂಡನಾಗಿದ್ರೆ ತಿರುಗಿ ಬೈಬಹುದಿತ್ತು. ಪ್ರೀತಿಯಿಂದ ಕಟ್ಟಿಕೊಟ್ಟಿದ್ದಾರೆ. ನಾನು ಏನಂತ ಬೇಡ ಅನ್ಲಿ?"

ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಅವಳು ದಿನಾ ಸಂಜೆ ಆ ಕುರ್ಚಿಯಲ್ಲಿ ಕೈ ಮಡಚಿ ಕೂತು ತೋಟ ನೋಡಿದಳು.

ಆದರೆ ಪರದೆಯ ಮರ ಬೆಳೆಯುವುದಿಲ್ಲ, ಮಣ್ಣಿನದು ಬೆಳೆಯುತ್ತದೆ. ಮಳೆ ಬಿದ್ದದ್ದೇ ಸೀಬೆ ಸಸಿಗಳು ತಲೆ ಎತ್ತಿದವು. 'ದೂರದ' ಮರ ಎತ್ತರವಾದರೆ ದೂರವೇ ಹತ್ತಿರ ಬಂದುಬಿಡುತ್ತದೆ. ದೊಡ್ಡಪ್ಪ ಬೆಳಗಾದರೆ ಕತ್ತರಿ ಹಿಡಿದು, ಪಾದ ಜೋಡಿಸಿಕೊಂಡು ಆ ಹಾದಿಯಲ್ಲಿ ಹೋಗಿ ಚಿಗುರನ್ನೆಲ್ಲ ಕತ್ತರಿಸಿ ಬರುತ್ತಿದ್ದರು. ಒಂದು ಮದುವೆಗೆ ಹೋಗುವ ಹಾಗಿಲ್ಲ, ಒಂದು ರಾತ್ರಿ ಬೇರೆ ಕಡೆ ಉಳಿಯುವ ಹಾಗಿಲ್ಲ, ಅಷ್ಟರಲ್ಲಿ ಗಿಡ ಬೆಳೆದರೆ? ಅವರೂ ಸಿಕ್ಕಿಬಿದ್ದಿದ್ದರು, ಅದು ಅವರಿಗೆ ತಿಳಿದಿರಲಿಲ್ಲ. ಒಂದು ದಿನ ಒದ್ದೆ ಹಾದಿಯಲ್ಲಿ ಕಾಲು ಜಾರಿ ಬಿದ್ದರು. ಬಲಗೈ ಮುರಿಯಿತು.

ಮೂರ್ನಾಲ್ಕು ವಾರ ಬಿಟ್ಟು ನಾನು ನೋಡಲು ಹೋದಾಗ ಪ್ಲಾಸ್ಟರಿನ ಕೈಯನ್ನು ಎದೆಗೆ ತೂಗುಹಾಕಿಕೊಂಡು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಎಡಗೈಯಲ್ಲಿ ಕತ್ತರಿ ತೆಗೆದು ದೊಡ್ಡಮ್ಮನ ಕಡೆ ಚಾಚಿದರು.

"ಇನ್ನು ನೀನೇ ನೋಡ್ಕೋಬೇಕು. ಹೋಗು. ನಾನು ಇಲ್ಲಿಂದ ಹೇಳ್ತೀನಿ, ನೀನು ಕತ್ತರಿಸು."

ಅವಳು ಕತ್ತರಿ ತೆಗೆದುಕೊಂಡು ಹೋದಳು. ಸೀಬೆಗಿಡ ಅವಳ ಹೆಗಲಿನ ತನಕ ಬಂದಿತ್ತು. ಎಳೆಯ ಎಲೆಗಳು ಕೆನ್ನೆಗೆ ತಾಗಿದವು, ಅವಳು ಮುಖ ಹಿಂದಕ್ಕೆ ತೆಗೆಯಲಿಲ್ಲ.

"ಎಡಗಡೇದು ಮೊದಲು. ಒಂದು ಮೊಳ ತೆಗೆದುಬಿಡು."

ಕತ್ತರಿಯ ಸದ್ದು ಬರಲಿಲ್ಲ.

"ಏನೇ, ಕೇಳಿಸ್ತಾ?"

"ಕತ್ತರಿಸಲ್ಲ ರೀ."

"ಅಂದ್ರೆ?"

"ನೀವು ಮಾಡಿದ ತೋಟದಲ್ಲಿ ನನಗೆ ಕೂರೋಕೆ ಜಾಗ ಇಲ್ಲ. ಇವೂ ನಿಮ್ಮ ಅಳತೆಗೇ ಬದುಕ್ಬೇಕಾ?"

ದೊಡ್ಡಪ್ಪ ತೂಗುಹಾಕಿದ ಕೈಯ ಕಡೆಗೆ ನೋಡಿಕೊಂಡರು. ಅವರ ಮುಖ ನೋಡಲು ನನಗೆ ಸಂಕಟವಾಯಿತು. ಆಮೇಲೆ ಮೆಲ್ಲಗೆ, ನನಗೋ ಅವಳಿಗೋ ಎಂದು ತಿಳಿಯದ ಹಾಗೆ ಹೇಳಿದರು: "ನಾನು ಬರೆದ ತೋಟದ ಒಳಗೆ ಯಾರೂ ಹೋಗಿಲ್ಲ ಕಣೇ. ಎಲ್ಲರೂ ಮುಂದೆ ನಿಂತವರೇ. ಒಳಗೆ ಯಾರಾದ್ರೂ ಕೂರ್ತಾರೆ ಅಂತ ನನಗೆ ಹೊಳೀಲೇ ಇಲ್ಲ."

ಅವಳು ಕತ್ತರಿ ಕೆಳಗಿಟ್ಟಳು. ಎರಡು ಸೀಬೆಗಿಡಗಳ ನಡುವೆ ಸೀರೆ ಎತ್ತಿಕೊಂಡು, ಹಸಿ ಮಣ್ಣಿನ ಮೇಲೆ ಕೂತಳು. ಕೂತದ್ದೇ ಮುಂದಿನ ಎತ್ತರದ ಹೂಗಿಡಗಳು ಅವಳನ್ನು ಪೂರ್ತಿ ಮುಚ್ಚಿಬಿಟ್ಟವು.

ದೊಡ್ಡಪ್ಪ ಕುರ್ಚಿಯಲ್ಲೇ ಆಚೆ ಬಾಗಿದರು, ಈಚೆ ಬಾಗಿದರು.

"ಎಲ್ಲಿದೀಯೇ? ಇಲ್ಲಿಂದ ಕಾಣ್ತಾನೇ ಇಲ್ಲ."

"ಇಲ್ಲೇ ಇದೀನಿ" ಎಂದಳು ದೊಡ್ಡಮ್ಮ. ಏಳಲಿಲ್ಲ.