ಫೋನು ಕಾಯುತ್ತಿತ್ತು, ಕಾಗೆ ನೇಯುತ್ತಿತ್ತು

ಸ್ನೇಹಿತರೇ, ಇವತ್ತು ಸಂಜೆ ತಮಿಳು ಸೀಮೆಯ ಪೆರಿಯನಾಯಕನಪಾಳ್ಯದ ನಮ್ಮ ಮನೆಯಲ್ಲಿ ಸೊಸೆ ಕೋಕಿಲಾ ಒಂದು ಫೋನಿನ ಕೈಗೆ ಸಿಕ್ಕಿಬಿದ್ದಳು. ಕನ್ನಡ ಕಥೆಯ ಒಂದು ಪುಟವನ್ನು ಫೋನೇ ಓದುತ್ತದೆ, ಮುಂದಿನದನ್ನು ತಾಯಿ ಮಗುವಿಗೆ ಓದಬೇಕು. ವಾಯ್ಸ್ ಟೆಕ್ನಾಲಜಿಯಂತೆ. ಸೊಸೆ ಆಡುವುದು ಕನ್ನಡ, ಶಾಲೆಯಲ್ಲಿ ಓದಿದ್ದೆಲ್ಲ ತಮಿಳು.

"ಅಮ್ಮಾ, ಈಗ ನಿಮ್ಮ ಸರದಿ," ಎಂದಿತು ಫೋನು.

ಚಿತ್ರದಲ್ಲಿ ಕೊಕ್ಕಿನಲ್ಲಿ ದಾರ ಹಿಡಿದ ಕಾಗೆ. ಮಗ್ಗಕ್ಕೆ ತರಿ ಎನ್ನುವ ನೇಕಾರರ ಮನೆಯವಳಲ್ಲವೇ, "ಕಾಗೆ ತರಿಯಲ್ಲಿ ಕೂತು ಸೀರೆ ನೇಯ್ತು," ಎಂದಳು.

ಮೊಮ್ಮಗಳಿಗೆ ಕನ್ನಡ ಅಕ್ಷರ ಕಲಿಸುತ್ತಿರುವವನು ನಾನೇ. "ಪೊಯ್ಯಿ, ಸುಳ್ಳು! ಗೂಡು ಕಟ್ತು ಅಂತ ಇದೆ. ನಿಂಗೆ ಓದಕ್ಕೆ ಬರಲ್ವಾಮ್ಮಾ?" ಎಂದಿತು ಮಗು.

ನಾನು ಬಾಯಿ ಹಾಕಿದ್ದರೆ ನನ್ನವಳು ಗೋಡೆಯ ಫೋಟೋದಿಂದಲೇ ಗದರುತ್ತಿದ್ದಳು.

"ಬರಲ್ಲ ಕಣ್ಣು," ಎಂದಳು ಸೊಸೆ, ತಲೆ ತಗ್ಗಿಸಿ.

ಮಗು ಯೋಚಿಸಿತು. "ಸೆರಿ, ಸೀರೆ ಯಾರಿಗೆ ನೇಯ್ತು? ಅದನ್ನ ಹೇಳು."

ಸೊಸೆ ಹೇಳತೊಡಗಿದಳು. ನಮ್ಮ ಕಾಲದ ಕಾಲೇಜಿನಲ್ಲಿ ಇದಕ್ಕೆ ಎಕ್ಸ್‌ಟೆಂಪೋರ್ ಎನ್ನುತ್ತಿದ್ದರು, ಅಥವಾ ಅದು ಬೇರೆ ಏನೋ. "ಇನ್ನೂ ಓದುತ್ತಿದ್ದೀರಾ?" ಎಂದು ಫೋನು ಮತ್ತೆ ಮತ್ತೆ ಕೇಳಿತು. ಆಮೇಲೆ ಸುಮ್ಮನಾಯಿತು, ಆದರೆ ಬೆಳಕು ಆರಲಿಲ್ಲ. ಸೀರೆ ಯಾರಿಗೆ ಹೋಯಿತೆಂದು ಅದಕ್ಕೂ ತಿಳಿಯಬೇಕಿತ್ತೋ ಏನೋ!