ಕೌದಿಯ ಹೊಟ್ಟೆ

ಅಪ್ಪ ತೀರಿಕೊಂಡ ಮರುವರ್ಷ ಅವ್ವ ಧಾರವಾಡದಿಂದ ಅಮೆರಿಕದ ಸ್ಯಾನ್ ರಮೋನ್‌ನ ನಮ್ಮ ಮನೆಗೆ ಬಂದಳು. ಸೂಟ್‌ಕೇಸಿನ ತುಂಬ ಹಳೆಯ ಬಟ್ಟೆ: ಅಪ್ಪನ ಧೋತರ, ಅಜ್ಜಿಯ ಇಳಕಲ್ ಸೀರೆ, ನನ್ನ ಶಾಲೆಯ ಲಂಗ. ಆ ಚಳಿಗಾಲವೆಲ್ಲ ಕಿಟಕಿಯ ಪಕ್ಕ ಕೂತು ಅವನ್ನು ತುಂಡು ತುಂಡಾಗಿ ಜೋಡಿಸಿ ನನ್ನ ಮಗಳಿಗೊಂದು ಕೌದಿ ಹೊಲಿದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಣಗಿದ ಜೋಳದ ರೊಟ್ಟಿಯ ಚೂರೊಂದನ್ನು ಒಳಗಿಟ್ಟಳು.

"ಕೌದಿ ಹೊಟ್ಟಿ ಖಾಲಿ ಇರಬಾರದು. ಅದು ಹಸ್ಕೊಂಡಿದ್ರ ಹೊಚ್ಕೊಂಡವರಿಗೆ ನಿದ್ದಿ ಹತ್ತಂಗಿಲ್ಲ" ಎಂದಳು.

ಹತ್ತಿರದ ವಾಲ್ನಟ್ ಕ್ರೀಕ್‌ನಲ್ಲಿ ಮನೆ ಅಲಂಕಾರದ ಸಾಮಾನಿನ ಅಂಗಡಿ ನಡೆಸುವ ಬೆಂಗಳೂರಿನ ಗೆಳತಿಯೊಬ್ಬಳು ಅದನ್ನು ನೋಡಿದಳು. "ನನ್ನ ಅಂಗಡಿಗೆ ಇಂಥದ್ದೇ ಬೇಕು ಕಣೇ. ಅಮ್ಮ ಮಾಡಿಕೊಡ್ತಾರಾ ಕೇಳು" ಎಂದಳು. ದಿನವಿಡೀ ಒಬ್ಬಳೇ ಇರುವ ಅವ್ವನಿಗೆ ಹೊತ್ತು ಹೋಗುತ್ತದೆಂದು ನನಗೂ ಖುಷಿಯಾಯಿತು.

"ತಗೊಳ್ಳಾವ್ರು ತಮ್ಮ ಮನ್ಯಾಗಿನ ಹಳೇ ಅರಿವಿ ಕೊಡ್ತಾರೇನು?" ಅವ್ವ ಕೇಳಿದ್ದು ಅಷ್ಟೇ.

"ಇಲ್ಲವ್ವಾ, ಹೊಸಾ ಬಟ್ಟಿ. ಅಂಗಡಿಯವರೇ ಕಳಿಸ್ತಾರ."

ಬೂದು, ಬಿಳಿ, ತಿಳಿನೀಲಿ ಬಟ್ಟೆಗಳು ಬಂದವು. ಅವ್ವ ಹೊಲಿಯತೊಡಗಿದಳು. ಎರಡನೆಯ ತಿಂಗಳು ಗೆಳತಿಯ ಫೋನು ಬಂತು. "ಒಂದನ್ನ ರಿಟರ್ನ್ ಮಾಡಿದಾರೆ. ಒಳಗೇನೋ ತಿನ್ನೋ ವಸ್ತು ಇತ್ತಂತೆ. ಅಮ್ಮಂಗೆ ಸ್ವಲ್ಪ ಹೇಳ್ತೀಯಾ?"

ನಾನು ನಗುತ್ತಲೇ ಹೇಳಿದೆ. ಅವ್ವ ನಗಲಿಲ್ಲ. ಅಂದಿನಿಂದ ಒಳಗೇನೂ ಇಡದೆ ಮೂಲೆಗಳನ್ನು ಮುಚ್ಚಿದಳು.

ಒಂದು ಶನಿವಾರ ಅವಳನ್ನು ಆ ಅಂಗಡಿಗೆ ಕರೆದುಕೊಂಡು ಹೋದೆ. ಅವಳ ಕೌದಿಯನ್ನು ಕೋಲಿಗೆ ಸಿಕ್ಕಿಸಿ ಗೋಡೆಗೆ ತೂಗುಹಾಕಿ, ಪಕ್ಕದಲ್ಲೊಂದು ಚೀಟಿ ಅಂಟಿಸಿದ್ದರು. ಅವ್ವ ಅದರ ಅಂಚು ಮುಟ್ಟಿ ನೋಡಿದಳು.

"ಗ್ವಾಡಿಗೆ ಯಾಕ ಹಾಕ್ಯಾರ? ಯಾರೂ ಹೊಚ್ಕೊಳ್ಳಂಗಿಲ್ಲೇನು?"

"ಚಂದ ಕಾಣ್ಲಿ ಅಂತವ್ವಾ."

"ಆ ಚೀಟ್ಯಾಗ ಏನು ಬರದಾರ?"

ಪ್ರತಿ ತುಂಡಿನಲ್ಲೂ ಒಂದು ಕುಟುಂಬದ ಕಥೆಯಿದೆ ಎಂದು ಬರೆದಿತ್ತು. ಓದಿ ಹೇಳಿದೆ.

"ಇದರಾಗ ಯಾರ ಕಥಿ ಐತಿ? ಎಲ್ಲಾ ಹೊಸಾ ಥಾನಿನ ಬಟ್ಟಿ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಆ ವಾರವೇ ಕಣ್ಣು ಕಾಣುವುದಿಲ್ಲವೆಂದು ಹೊಲಿಗೆ ಬಿಟ್ಟಳು. ಅಕ್ಕಿಯಲ್ಲಿನ ಸಣ್ಣ ಕಲ್ಲು ಮಾತ್ರ ಅವಳಿಗೆ ಚೆನ್ನಾಗಿಯೇ ಕಾಣುತ್ತಿತ್ತು. ನನಗೊಂದು ಹೊಲಿದುಕೊಡು ಎಂದು ಎರಡು ಮೂರು ಸಲ ಕೇಳಿದೆ. "ಇನ್ನ ಕೈ ಬರಂಗಿಲ್ಲ ನೋಡವಾ" ಎಂದು ಮಾತು ಬದಲಿಸಿದಳು. ಅವಳಿಂದ ಏನು ಕಸಿದುಕೊಂಡೆನೆಂದು ನನಗೆ ಅರ್ಥವಾಗುವಷ್ಟರಲ್ಲಿ ಅವ್ವ ಹಾಸಿಗೆ ಹಿಡಿದಿದ್ದಳು.

ಅವ್ವ ತೀರಿಹೋಗಿ ಒಂದು ತಿಂಗಳಾದ ಮೇಲೆ ಗೆಳತಿಯ ಮೆಸೇಜು ಬಂತು. ಸಮಾಧಾನದ ಮಾತುಗಳ ಕೆಳಗೆ, ನಿಮ್ಮ ಕಡೆಯವರಲ್ಲಿ ಕೌದಿ ಹೊಲಿಯುವವರು ಬೇರೆ ಯಾರಾದರೂ ಇದ್ದಾರಾ ಎಂದು ಕೇಳಿದ್ದಳು. ಯಾರೂ ಇಲ್ಲ ಎಂದು ಬರೆದೆ. ನಾನೂ ಕಲಿತಿರಲಿಲ್ಲ.